ಲಾಡಿಯ ಪಿನ್ನು, ವಿಲ್ಲೆಮ್ಮರ ಸೇತುವೆ

ಹೊರಡುವ ಮುಂಚೆ, ವಿದ್ಯಾರಣ್ಯಪುರಂ

ವಿದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದ ಕಿಟಕಿಯಿಂದ ಶುರು ಮಾಡುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ನಡುವಿನ ಸೀಟು, ಎಡಕ್ಕೊಂದು ಗೊರಕೆ, ಬಲಕ್ಕೊಂದು ಗೊರಕೆ. ಆದ್ದರಿಂದ ನಾನು ನಮ್ಮ ಮನೆಯ ನಡುಮನೆಯಿಂದಲೇ ಶುರು ಮಾಡುತ್ತೇನೆ, ಅತ್ತೆಯ ಎದುರಿನಿಂದ.

ಹೊಸ ಶತಮಾನ ಹುಟ್ಟಿ ಇನ್ನೂ ಮೂರ್ನಾಲ್ಕು ವರ್ಷವಾಗಿತ್ತು. ಆಗ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಇ.ಇ.ಜಿ. ಟೆಕ್ನೀಷಿಯನ್. ಫಿಟ್ಸ್ ಬರುವವರ ತಲೆಗೆ ಪುಟ್ಟ ಪುಟ್ಟ ಬಿಲ್ಲೆ ಅಂಟಿಸಿ, ತಂತಿ ಸಿಕ್ಕಿಸಿ, ಮಿದುಳಿನೊಳಗೆ ಹರಿಯುವ ಕರೆಂಟನ್ನು ಕಾಗದದ ಮೇಲೆ ಗೀಚಿಸುವುದು ನನ್ನ ಕೆಲಸ. ರೋಗಿಗಳ ತಲೆಯಲ್ಲಿ ಕೊಬ್ಬರಿ ಎಣ್ಣೆ ಜಾಸ್ತಿ, ಬಿಲ್ಲೆ ನಿಲ್ಲುವುದು ಕಡಿಮೆ. ಸೀಗೆಪುಡಿ ಹಾಕಿ ತಲೆ ತೊಳೆಸುವುದರಿಂದ ಹಿಡಿದು ಅಳುವ ಮಕ್ಕಳನ್ನು ತಟ್ಟಿ ಮಲಗಿಸುವುದರವರೆಗೆ ಎಲ್ಲವೂ ನನ್ನದೇ. ಕಾಗದದ ಮೇಲಿನ ಗೆರೆಗಳ ನಡುವೆ ಒಮ್ಮೊಮ್ಮೆ ಚುಚ್ಚಿದಂತೆ ಒಂದು ಗೆರೆ ಏಳುತ್ತದೆ. ಡಾಕ್ಟರರು ಅದಕ್ಕೆ ಸ್ಪೈಕ್ ಎನ್ನುತ್ತಾರೆ, ನಾನು ಮುಳ್ಳು ಎನ್ನುತ್ತೇನೆ. ಫಿಟ್ಸ್ ಇಲ್ಲದ ಹೊತ್ತಿನಲ್ಲೂ ಕೆಟ್ಟ ಜಾಗ ಹೀಗೆ ಆಗಾಗ ಕಿಡಿ ಹಾರಿಸುತ್ತಿರುತ್ತದೆ. ಜಂಬ ಅಂದುಕೊಳ್ಳಬೇಡಿ, ಆ ಮುಳ್ಳು ಹುಡುಕುವುದರಲ್ಲಿ ನನ್ನ ಕಣ್ಣು ಚುರುಕು.

ಇದನ್ನು ಬಲ್ಲ ನಮ್ಮ ಡಾಕ್ಟರು ನೆದರ್ಲೆಂಡ್ಸಿನ ಒಂದು ಸಂಶೋಧನಾಲಯಕ್ಕೆ ಆರು ವಾರದ ತರಬೇತಿಗೆ ನನ್ನ ಹೆಸರು ಬರೆದುಬಿಟ್ಟರು. ಅಲ್ಲಿ ಇ.ಇ.ಜಿ.ಯನ್ನು ಎಂ.ಆರ್.ಐ. ಯಂತ್ರದ ಒಳಗೇ ತೆಗೆಯುತ್ತಿದ್ದರು. ಎರಡೂ ಒಟ್ಟಿಗೆ, ಒಂದೇ ತಲೆಗೆ, ಒಂದೇ ಹೊತ್ತಿಗೆ! ಸುದ್ದಿ ಕೇಳಿದ ದಿನ ನಾನು ಸ್ಕೂಟಿಯನ್ನು ಆಸ್ಪತ್ರೆಯಲ್ಲೇ ಮರೆತು ಬಸ್ಸಿನಲ್ಲಿ ಮನೆಗೆ ಬಂದಿದ್ದೆ.

"ಅದೇನ್ ಕಲಿಯಕ್ಕೆ ಅಷ್ಟು ದೂರ ಹೋಗ್ಬೇಕೇ ಗಿರಿಜಾ?" ಅಂದರು ಅತ್ತೆ.

"ಅತ್ತೆ, ನೀವು ಮದುವೆ ಛತ್ರದ ಹೊರಗಡೆ ನಿಂತಿದ್ದೀರ ಅನ್ಕೊಳ್ಳಿ. ಗಟ್ಟಿಮೇಳ ಕೇಳಿಸ್ತು. ತಾಳಿ ಕಟ್ಟಿದ ಗಳಿಗೆ ಗೊತ್ತಾಯ್ತು. ಆದ್ರೆ ಮಂಟಪ ಯಾವ ಮೂಲೇಲಿದೆ ಅಂತ ಗೊತ್ತಾಗಲ್ಲ. ನಮ್ಮ ಇ.ಇ.ಜಿ. ಅಷ್ಟೇ."

"ಹೂಂ."

"ಎಂ.ಆರ್.ಐ. ಅಂದ್ರೆ ಮಹಡಿ ಮೇಲಿಂದ ನೋಡ್ದಂಗೆ. ಜನ ಅಕ್ಷತೆ ಹಿಡ್ಕೊಂಡು ಯಾವ ಕಡೆ ನುಗ್ತಾರೆ ಅಂತ ಕಾಣುತ್ತೆ. ಜನ ಅಂದ್ರೆ ಇಲ್ಲಿ ರಕ್ತ. ಮಿದುಳಲ್ಲಿ ಎಲ್ಲಿ ಕೆಲಸ ನಡೀತಿದ್ಯೋ ಅಲ್ಲಿಗೆ ರಕ್ತ ನುಗ್ಗುತ್ತೆ. ಆದ್ರೆ ಅದು ನಿಧಾನ, ನಾಲ್ಕೈದು ಸೆಕೆಂಡ್ ತಡ. ಕಿವೀನೂ ಕಣ್ಣೂ ಒಟ್ಟಿಗೇ ಇಟ್ರೆ ಯಾವಾಗ, ಎಲ್ಲಿ, ಎರಡೂ ಸಿಗುತ್ತೆ."

ಅತ್ತೆ ಅವರೆಕಾಳು ಹಿದುಕುವುದನ್ನು ನಿಲ್ಲಿಸಿ ಯೋಚಿಸಿದರು. "ಜನ ಊಟದ ಪಂಕ್ತಿಗೆ ನುಗ್ಗಿದ್ರೆ?"

ನಾನು ನಕ್ಕುಬಿಟ್ಟೆ. ಆದರೆ ಅದು ನಗುವ ಪ್ರಶ್ನೆ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಎಂ.ಆರ್.ಐ. ಯಂತ್ರ ಅಂದರೆ ದೊಡ್ಡದೊಂದು ಅಯಸ್ಕಾಂತ. ಅದರ ಕೋಣೆಗೆ ಲೋಹ ತರಕೂಡದು ಅಂತ ಪತ್ರದಲ್ಲೇ ಬರೆದಿದ್ದರು. ನಮ್ಮದು ಮಠದ ನಂಟಿನ ಮನೆ. ನಾನು ಬೆಳ್ಳಿ ಕರಡಿಗೆಯನ್ನು ಮನೆಯಲ್ಲಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ. ಕಾಲುಂಗುರ ಸೋಪು ಹಚ್ಚಿ ತೆಗೆದದ್ದಾಯಿತು. ಮಾಂಗಲ್ಯದ ಸರಕ್ಕೆ ಕೈ ಹಾಕಿದಾಗ ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಅವರೇ ಒಳಗೆ ಹೋಗಿ ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ, ನನ್ನ ಕೊರಳಿಗೆ ಹಾಕಿದರು. "ಇದನ್ನ ಯಾವ ಮಿಷನ್ನೂ ಎಳೆಯಲ್ಲ ಕಣಮ್ಮ, ಹೋಗ್ಬಾ," ಅಂದರು. ಇಷ್ಟೆಲ್ಲ ಮುಂಜಾಗ್ರತೆ ಮಾಡಿಕೊಂಡು ಹೊರಟವಳು ನಾನು. ನೆನಪಿರಲಿ.

ಮೊದಲ ದಿನ: ರಸ್ತೆ ಎದ್ದು ನಿಂತಿತು

ಆ ಊರಿನ ಹೆಸರನ್ನು ಆರು ವಾರವಾದರೂ ನನ್ನಿಂದ ಸರಿಯಾಗಿ ಹೇಳಲಾಗಲಿಲ್ಲ. ಗಂಟಲಿನ ತಳದಿಂದ ಕ್ಯಾಕರಿಸಿದಂತೆ ಒಂದು ಅಕ್ಷರ ಬರಬೇಕು. ಆದ್ದರಿಂದ ಬರೆಯುವುದನ್ನೂ ಬಿಡುತ್ತೇನೆ. ಕಾಲುವೆಗಳ ಊರು, ಸೈಕಲ್ಲುಗಳ ಊರು. ಮನೆಗಳ ಕಿಟಕಿಗೆ ಪರದೆಯೇ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ಅವರ ಸೋಫಾ, ಅವರ ಬೆಕ್ಕು, ಅವರ ಊಟದ ತಟ್ಟೆ ಕಾಣುತ್ತದೆ. ನಮ್ಮ ಬೀದಿಯಲ್ಲಿ ಹಾಗಿದ್ದರೆ ಎದುರುಮನೆಯವರಿಗೆ ಟೀವಿಯೇ ಬೇಕಾಗುತ್ತಿರಲಿಲ್ಲ.

ನಿಲ್ದಾಣದಿಂದ ಹೊರಟ ಬಸ್ಸು ಐದು ನಿಮಿಷಕ್ಕೆ ಗಕ್ಕನೆ ನಿಂತಿತು. ಗಂಟೆ ಬಾರಿಸಿತು, ಅಡ್ಡಗಂಬ ಇಳಿಯಿತು, ನೋಡನೋಡುತ್ತಿದ್ದಂತೆ ಮುಂದಿನ ರಸ್ತೆ ಎದ್ದು ನಿಂತಿತು! ಬಿಳಿ ಗೆರೆ, ಡಾಂಬರು ಸಮೇತ ಆಕಾಶಕ್ಕೆ. ಅಯ್ಯೋ ಶಿವನೇ ಅಂತ ಕೂಗಿಬಿಟ್ಟೆ. ಕೆಳಗೆ ಕಾಲುವೆಯಲ್ಲಿ ಒಂದು ಹಾಯಿದೋಣಿ ತನ್ನ ಪಾಡಿಗೆ ತಾನು ಸಾಗಿತು. ನಮ್ಮಲ್ಲಿ ರೈಲ್ವೆ ಗೇಟು ಹಾಕಿದರೆ ಅರ್ಧ ಮೈಸೂರು ಕೆಳಗಿನಿಂದ ನುಸುಳಿ ಆಚೆ ಹೋಗಿರುತ್ತದೆ, ಉಳಿದರ್ಧ ಹಾರ್ನ್ ಹೊಡೆಯುತ್ತಿರುತ್ತದೆ. ಇಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಸೈಕಲ್ಲಿನವರು ಒಂದು ಕಾಲು ನೆಲಕ್ಕೆ ಊರಿ ಸುಮ್ಮನೆ ಕಾದರು.

ಸೇತುವೆಯ ಪಕ್ಕದ ಗೂಡಿನಂಥ ಮನೆಯ ಕಿಟಕಿಯಿಂದ ಒಂದು ಕೈ ಚಾಚಿತ್ತು. ಕೈಯಲ್ಲಿ ಗಾಳದ ಕೋಲು, ಕೋಲಿನ ದಾರದ ತುದಿಗೆ ಒಂದು ಮರದ ಮೆಟ್ಟು. ಮೆಟ್ಟು ತೂಗಾಡುತ್ತ ದೋಣಿಯ ಮೇಲಕ್ಕೆ ಹೋಯಿತು, ದೋಣಿಯವ ಅದರೊಳಗೆ ಏನೋ ಹಾಕಿದ, ಮೆಟ್ಟು ವಾಪಸು ಬಂತು. ಸುಂಕವಂತೆ. ಇದನ್ನು ನೋಡಿಯೇ ನನ್ನ ಪ್ರವಾಸ ಸಾರ್ಥಕವಾಯಿತು ಅನ್ನಿಸಿತ್ತು.

ಮೊದಲ ವಾರ: ಒಂದೇ ಬಿಸ್ಕತ್ತು

ಪ್ರಯೋಗಾಲಯದ ಮುಖ್ಯಸ್ಥೆ ಮಾರ್ಯಾ. ಮೂವತ್ತೆರಡು ವರ್ಷ, ಆರಡಿ ಎತ್ತರ, ಮನಸ್ಸಿನಲ್ಲಿದ್ದುದು ನೇರ ಬಾಯಿಗೆ. ಮೊದಲ ದಿನ ಕಾಫಿ ಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆರೆದಳು, ನಾನೊಂದು ತೆಗೆದುಕೊಂಡೆ, ಡಬ್ಬಿ ಮುಚ್ಚಿದಳು. ಇನ್ನೊಂದು ತಗೊಳ್ಳಿ, ನಾಚ್ಕೋಬೇಡಿ ಅಂತ ಹೇಳುವವರೇ ಇಲ್ಲ! ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಅತ್ತೆ ಒಂದು ವಾರ ಕೊರಗುತ್ತಿದ್ದರು.

ಅವರು ಮಾತಾಡಿದ್ದು ಇಂಗ್ಲಿಷು. ನನ್ನ ತಲೆಯೊಳಗೆ ಅದು ಮೈಸೂರು ಕನ್ನಡವಾಗಿಯೇ ಇಳಿಯುತ್ತಿತ್ತು. ಇಲ್ಲೂ ಹಾಗೆಯೇ ಬರೆಯುತ್ತೇನೆ, ಒಪ್ಪಿಕೊಳ್ಳಿ.

ಮಾರ್ಯಾಗೆ ಅತ್ತೆಯ ಊಟದ ಪಂಕ್ತಿಯ ಪ್ರಶ್ನೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ನಿಮ್ಮತ್ತೇನ ನಮ್ಮ ಇಲಾಖೆಗೆ ಕಳಿಸಿ! ನಾವು ತಲೆ ಕೆಡಿಸ್ಕೊಂಡಿರೋದೇ ಅದಕ್ಕೆ. ರಕ್ತ ನೂರೆಂಟು ಕಾರಣಕ್ಕೆ ನುಗ್ಗುತ್ತೆ. ಯಾವುದು ಗಟ್ಟಿಮೇಳ ಕೇಳಿ ನುಗ್ಗಿದ್ದು ಅಂತ ಬೇರೆ ಮಾಡೋದು ಹೇಗೆ?"

ಉತ್ತರ ಮುಳ್ಳಿನಲ್ಲಿತ್ತು. ಮುಳ್ಳು ಎದ್ದ ಗಳಿಗೆ ಗುರುತು ಹಾಕು. ಪ್ರತಿ ಸಲವೂ ಅದರ ಹಿಂದೆಯೇ ಎಲ್ಲಿಗೆ ರಕ್ತ ನುಗ್ಗಿತು ನೋಡು. ಹತ್ತು ಸಲ, ಇಪ್ಪತ್ತು ಸಲ ಅದೇ ಮೂಲೆಯಾದರೆ ಮಂಟಪ ಅಲ್ಲೇ. ಹೇಳುವುದು ಸುಲಭ. ಆ ಯಂತ್ರ ಓಡುವಾಗ ಬೋರ್‌ವೆಲ್ ಕೊರೆದಂಥ ಸದ್ದು. ಕರೆಂಟಿನ ಗಲಾಟೆಯಲ್ಲಿ ಮಿದುಳಿನ ಗೆರೆಗಳು ಪೂರ್ತಿ ಮುಚ್ಚಿಹೋಗುತ್ತವೆ. ಮಾರ್ಯಾಳ ಕಂಪ್ಯೂಟರ್ ಪ್ರೋಗ್ರಾಮು ಆ ಗದ್ದಲವನ್ನು ಗುಡಿಸಿ ಹಾಕಬೇಕು. ಮೊದಲ ಸಲ ಅದು ಗುಡಿಸಿದ ಮೇಲೆ ನನಗೆ ಗುರುತಿನ ಗೆರೆಗಳು ಕಂಡಾಗ ಕೈ ತಟ್ಟಿಬಿಟ್ಟೆ. ಬೋರ್‌ವೆಲ್ಲಿನ ನಡುವೆ ಒಬ್ಬರು ಪಿಸುಗುಟ್ಟಿದ್ದು ಕೇಳಿಸಿದಂತೆ ಆಗಿತ್ತು.

ಅದೇ ವಾರ ವಿಲ್ಲೆಮ್ ಬಂದರು. ಐವತ್ತೊಂದು ವರ್ಷ, ಜೋಳದ ಕೂದಲಿನ ಬಣ್ಣದ ಮೀಸೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ, ಮಿಸ್ಟರ್ ವಿಲ್ಲೆಮ್ ಅಂದೆ. ಅವರು ಇಪ್ಪತ್ತೆಂಟು ವರ್ಷ ಸೇತುವೆ ಎತ್ತಿದವರು. ನಾನು ನೋಡಿದ್ದೆನಲ್ಲ, ಅದೇ ಸೇತುವೆ. ಅವರ ತಂದೆಯೂ ಅದೇ ಗೂಡಿನಲ್ಲಿ ಕೂತಿದ್ದವರು.

"ಮತ್ತೆ ಈಗ ಅಲ್ಲಿ ಮೆಟ್ಟು ಬಿಡ್ತಿರೋದು ಯಾರು?" ಅಂದೆ.

"ಬೇರೆಯವನು. ನಾನು ಕಂಬಿಗೆ ಬಣ್ಣ ಬಳೀತೀನಿ."

ಅವರಿಗೆ ನೆಲಕ್ಕೆ ಬಿದ್ದು ಒದ್ದಾಡುವ ಫಿಟ್ಸ್ ಅಲ್ಲ. ಅರ್ಧ ನಿಮಿಷ ಕಲ್ಲಾಗುತ್ತಾರೆ, ಅಷ್ಟೇ. ಕಣ್ಣು ತೆರೆದಿರುತ್ತದೆ, ಕೈ ಎಲ್ಲಿತ್ತೋ ಅಲ್ಲೇ. ಎರಡು ವರ್ಷದ ಹಿಂದೆ ಸೇತುವೆ ಇಳಿಸುವ ಬಟನ್ ಒತ್ತಿ ಕಲ್ಲಾದರು. ಕೆಳಗೆ ಇನ್ನೂ ದೋಣಿ ಇತ್ತು. ದೋಣಿಯವನು ಕೂಗಿಕೊಂಡು ಹಿಂದಕ್ಕೆ ಸರಿದ, ಯಾರಿಗೂ ಏನೂ ಆಗಲಿಲ್ಲ. ಆದರೆ ಮರುದಿನದಿಂದ ವಿಲ್ಲೆಮ್ಮರ ಕೈಗೆ ಬ್ರಷ್ ಬಂತು. ಮಾತ್ರೆಗಳು ನಾಟಲಿಲ್ಲ. ಮಾಮೂಲಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಜಾಗ ತೋರಿಸಿ, ಆಪರೇಷನ್ ಮಾಡುತ್ತೇವೆ ಅಂದಿದ್ದರು ಶಸ್ತ್ರಚಿಕಿತ್ಸೆಯವರು. ಜಾಗ ಸಿಕ್ಕರೆ ಸೇತುವೆ, ಇಲ್ಲವಾದರೆ ಬಣ್ಣದ ಡಬ್ಬ.

ಎರಡನೆಯ ವಾರ: ಪಿನ್ನು

ಸ್ಕ್ಯಾನಿನ ದಿನ ಬೆಳಿಗ್ಗೆ ನಾನು ಮೂರು ಸಲ ಮೈ ತಡವಿಕೊಂಡೆ. ಬಳೆ ಇಲ್ಲ, ಓಲೆ ಇಲ್ಲ, ದುಪಟ್ಟಾಗೆ ಪಿನ್ನಿಲ್ಲ, ಜಡೆಗೆ ರಬ್ಬರ್ ಬ್ಯಾಂಡು. ಲೋಹದ ಪಟ್ಟಿಯ ಪ್ರತಿ ಸಾಲಿಗೂ 'ಇಲ್ಲ' ಅಂತ ಗೀಟು ಹಾಕಿ ಸಹಿ ಮಾಡಿದೆ.

ವಿಲ್ಲೆಮ್ಮರ ತಲೆಗೆ ಬಿಲ್ಲೆ ಅಂಟಿಸಿದ್ದು ನಾನೇ, ಅಯಸ್ಕಾಂತ ಎಳೆಯದಂಥ ಬಿಲ್ಲೆ. ಅಲ್ಲಿನವರು ಬಿಲ್ಲೆಗಳಿದ್ದ ಟೋಪಿಯಂಥದೊಂದನ್ನು ತಲೆಗೆ ಎಳೆದುಬಿಡುತ್ತಿದ್ದರು. ನಾನು ಒಂದೊಂದನ್ನೂ ಕೂದಲು ಬಗೆದು, ಚರ್ಮ ಉಜ್ಜಿ, ಕೈಯಲ್ಲೇ ಕೂರಿಸಿದೆ. ಮಾರ್ಯಾ ಮೀಟರ್ ನೋಡಿ ಹುಬ್ಬೇರಿಸಿದಳು. "ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ," ಅಂದಳು. ನಾನು ಬೀಗಿದೆ.

ವಿಲ್ಲೆಮ್ಮರನ್ನು ಹಲಗೆಯ ಮೇಲೆ ಮಲಗಿಸಿ ಯಂತ್ರದ ಸುರಂಗದೊಳಗೆ ತಳ್ಳಿದರು. ಹಣೆಯ ಮೇಲಿನ ಒಂದು ತಂತಿ ಸಡಿಲವಾಗಿದೆ ಅನ್ನಿಸಿತು. ಸರಿಮಾಡಲು ಸುರಂಗದ ಬಾಯಿಗೆ ಬಗ್ಗಿದೆ. ಯಾರೋ ನನ್ನ ಸೊಂಟ ಹಿಡಿದು ಎಳೆದಂತಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ಮತ್ತೆ ಎಳೆತ. ಅಷ್ಟರಲ್ಲಿ ಕುರ್ತಾದ ಅಂಚಿನಿಂದ ಏನೋ ಮಿಂಚಿ ಹಾರಿ, ಟಣ್ ಅಂತ ಸುರಂಗದೊಳಗೆ, ವಿಲ್ಲೆಮ್ಮರ ಹಣೆಯಿಂದ ನಾಲ್ಕು ಬೆರಳು ಮೇಲೆ ಹೋಗಿ ಅಂಟಿಕೊಂಡಿತು.

ಸೇಫ್ಟಿ ಪಿನ್ನು. ಲಾಡಿಯ ಪಿನ್ನು!

ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಗೆದಾಗ ಲಾಡಿ ಒಳಕ್ಕೆ ಜಾರಿಹೋಗುತ್ತದೆ. ತುದಿಗೊಂದು ಪಿನ್ನು ಸಿಕ್ಕಿಸಿ ನೇಫದೊಳಗೆ, ಅಂದರೆ ಸೊಂಟದ ಮಡಿಕೆಯೊಳಗೆ, ತೂರಿಸುತ್ತೇವೆ. ಮುಂದಿನ ಸಲಕ್ಕೆ ಇರಲಿ ಅಂತ ಪಿನ್ನನ್ನು ಅಲ್ಲೇ ಬಿಡುತ್ತೇವೆ. ನಮ್ಮಮ್ಮ ಬಿಡುತ್ತಿದ್ದಳು, ಅತ್ತೆ ಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಅದು ಲೋಹ ಅನ್ನುವುದೇ ಮರೆತುಹೋಗಿತ್ತು. ಲಾಡಿಯ ಭಾಗ ಅಂತಲೇ ನಾನು ತಿಳಿದಿದ್ದೆ. ಅವರ ಪಟ್ಟಿಯಲ್ಲಿ ಲಾಡಿ ಇರಲಿಲ್ಲ.

ಪಿನ್ನು ಹಾರಿದ ರಭಸಕ್ಕೆ ಗಂಟೂ ಬಿಚ್ಚಿಕೊಂಡಿತ್ತು. ನಾನು ಎರಡೂ ಕೈಯಲ್ಲಿ ಪೈಜಾಮ ಹಿಡಿದುಕೊಂಡು ನಿಂತಿದ್ದೆ. ಮಾರ್ಯಾ ಗಾಜಿನ ಆಚೆಯಿಂದ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಎಲ್ಲಾ ನಿಲ್ಸಿ! ಅವರನ್ನ ಹೊರಗೆ ತನ್ನಿ!"

ಅಲ್ಲಿಗೆ ಮುಗಿಯಿತು. ಲೋಹ ಹಾರಿದರೆ ಯಂತ್ರವನ್ನು ಪೂರ್ತಿ ತಪಾಸಣೆ ಮಾಡಿಯೇ ಮತ್ತೆ ಓಡಿಸುವುದು ಅವರ ನಿಯಮ. ಮುಂದಿನ ಬಿಡುವು ಸಿಕ್ಕಿದ್ದು ಮೂರು ವಾರ ಕಳೆದು. ಅದಾದ ಎರಡು ದಿನಕ್ಕೇ ಶಸ್ತ್ರಚಿಕಿತ್ಸೆಯವರ ಸಭೆ, ವಿಲ್ಲೆಮ್ಮರ ಬಗ್ಗೆ ಕಡೆಯ ತೀರ್ಮಾನ. ಅಂದರೆ ಇನ್ನು ಒಂದೇ ಸಲ. ಎರಡು ಅವಕಾಶವಿದ್ದ ಮನುಷ್ಯನಿಗೆ ಒಂದೇ ಉಳಿಯುವಂತೆ ಮಾಡಿದ್ದು ನಾನು, ನನ್ನ ಲಾಡಿ.

ನಾನು ಅಳುತ್ತ ಕ್ಷಮೆ ಕೇಳಿದೆ. ನಮ್ಮ ಕಡೆ ಆಗಿದ್ದರೆ ಎದುರಿನವರು, "ಅಯ್ಯೋ, ಅದಕ್ಕೇನಂತೆ ಬುಡಿ," ಅನ್ನುತ್ತಿದ್ದರು, ಒಳಗೆ ಕುದಿಯುತ್ತಿದ್ದರೂ. ವಿಲ್ಲೆಮ್ ತಲೆಯಿಂದ ಬಿಲ್ಲೆ ಕೀಳಿಸಿಕೊಳ್ಳುತ್ತ ನೆಟ್ಟಗೆ ನನ್ನನ್ನು ನೋಡಿದರು.

"ನಂಗೆ ಕೋಪ ಬಂದಿದೆ. ಇವತ್ತಿಗೆ ಅಂತ ನಿದ್ದೆಗೆಟ್ಟು ಬಂದಿದ್ದೆ."

"ಹೂಂ."

"ಭಾನುವಾರಕ್ಕೆ ಕೋಪ ಇಳೀತದೆ. ಅವತ್ತು ನನ್ನ ಹುಟ್ಟಿದಬ್ಬ. ಬಾ." ಆಮೇಲೆ ಮರದ ಕಡ್ಡಿಯಿಂದ ಬಿಡಿಸಿ ತಂದಿದ್ದ ಪಿನ್ನಿನ ಕಡೆ ಕೈ ಚಾಚಿದರು. "ಅದನ್ನ ನಂಗೆ ಕೊಡಿ."

ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಆ ಸಂಜೆ ಟೆಲಿಫೋನ್ ಕಾರ್ಡು ಹಾಕಿ ಮನೆಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಅತ್ತೆ, "ಪೈಜಾಮ ಜಾರ್ಲಿಲ್ಲ ತಾನೇ?" ಅಂದರು.

"ಇಲ್ಲ ಅತ್ತೆ."

"ಮಾನ ಉಳೀತಲ್ಲ. ಇನ್ನು ಆ ಮನುಷ್ಯನ ಕೆಲಸ ಮಾಡ್ಕೊಟ್ಟೇ ಬರ್ಬೇಕು ಕಣೇ ನೀನು. ಅರ್ಧಕ್ಕೆ ಬಿಟ್ಟು ಬಂದ್ಬುಟ್ಟೆ ಅಂದ್ರೆ ನಾನು ಬಾಗಿಲು ತೆಗಿಯಲ್ಲ."

ಭಾನುವಾರ: ಎಲ್ಲರಿಗೂ ಹುಟ್ಟುಹಬ್ಬ

ವಿಲ್ಲೆಮ್ಮರ ಮನೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿದ್ದರು. ಒಳಗೆ ಬಂದವರು ವಿಲ್ಲೆಮ್ಮರ ಕೈ ಕುಲುಕಿ, ಹೆಂಡತಿಯ ಕೈ ಕುಲುಕಿ, ಕೂತಿದ್ದ ಒಬ್ಬೊಬ್ಬರ ಕೈಯನ್ನೂ ಕುಲುಕಿ ಅಭಿನಂದನೆ ಹೇಳುತ್ತಿದ್ದರು. ನನಗೂ ಹೇಳಿದರು! ವಿಲ್ಲೆಮ್ ಹುಟ್ಟಿದ್ದಕ್ಕೆ ವಿದ್ಯಾರಣ್ಯಪುರಂನ ಗಿರಿಜೆಗೆ ಅಭಿನಂದನೆ. ಮೊದಲು ನಗು ಬಂತು, ಆಮೇಲೆ ಇಷ್ಟವಾಯಿತು.

ಕೇಕು ಕತ್ತರಿಸುವಾಗ ಅದು ಆಯಿತು. ಚಾಕು ಕೇಕಿನ ನಡುವೆ ನಿಂತಿತು. ವಿಲ್ಲೆಮ್ಮರ ಕಣ್ಣು ಎದುರಿನ ಗೋಡೆಯ ಮೇಲೆ. ಮಾತಾಡುತ್ತಿದ್ದವರೆಲ್ಲ ಮೆಲ್ಲಗೆ ಮಾತು ಮುಂದುವರಿಸಿದರು, ಗಮನಿಸದವರಂತೆ. ಹೆಂಡತಿ ಮಾತ್ರ ಹೋಗಿ ಅವರ ಕೈಯಿಂದ ಚಾಕು ಬಿಡಿಸಿಕೊಂಡು ಪಕ್ಕದಲ್ಲಿ ನಿಂತಳು. ಅರ್ಧ ನಿಮಿಷದ ಮೇಲೆ ವಿಲ್ಲೆಮ್ ಕಣ್ಣು ಮಿಟುಕಿಸಿ ಕೈ ನೋಡಿಕೊಂಡರು. ಚಾಕು ಇರಲಿಲ್ಲ. ಹೋಗಿ ಕೂತರು. ಹದಿನಾಲ್ಕು ವರ್ಷದಲ್ಲಿ ನಾನು ನೂರಾರು ಫಿಟ್ಸ್ ನೋಡಿದ್ದೇನೆ, ಆದರೆ ಕಾಗದದ ಪಕ್ಕದಲ್ಲಿ ಕೂತು ನೋಡಿದ್ದು. ಅವತ್ತು ಕೊಟ್ಟ ಕೇಕನ್ನು ತಟ್ಟೆಯಲ್ಲೇ ಬಿಟ್ಟೆ.

ಹೊರಡುವಾಗ ಬಾಗಿಲವರೆಗೆ ಬಂದರು. "ಕೋಪ ಇಳಿದಿದೆ," ಅಂದರು. "ಆದ್ರೆ ಒಂದು ವಿಷಯ. ಆ ಸುರಂಗದಲ್ಲಿ ನಂಗೆ ನಿದ್ದೆ ಬರಲ್ಲ. ಹೋದ ವರ್ಷಾನೂ ಒಂದ್ಸಲ ಹಾಕಿದ್ರು. ಎಚ್ಚರವಾಗೇ ಮಲಗಿದ್ದೆ. ಒಂದು ಮುಳ್ಳೂ ಬರಲಿಲ್ಲ."

ಮುಳ್ಳುಗಳು ನಿದ್ದೆಯಲ್ಲೇ ಹೆಚ್ಚು ಏಳುವುದು. ಯಂತ್ರ, ತಂತಿ, ಪ್ರೋಗ್ರಾಮು ಎಲ್ಲ ಸರಿಯಿದ್ದು, ಈ ಮನುಷ್ಯ ಬೋರ್‌ವೆಲ್ಲಿನ ಸದ್ದಿನಲ್ಲಿ ನಿದ್ದೆ ಮಾಡದಿದ್ದರೆ ಏನೂ ಇಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ. ಮೈಸೂರಿನಲ್ಲಿ ನಾನು ಎಷ್ಟು ಜನರನ್ನು ಮಲಗಿಸಿಲ್ಲ? ಹೇಗೆ ಮಲಗಿಸುತ್ತಿದ್ದೆ? ಸೇತುವೆಯ ಹತ್ತಿರ ಬರುವಷ್ಟರಲ್ಲಿ ಉತ್ತರ ಹೊಳೆದು ನಾನೊಬ್ಬಳೇ ನಕ್ಕೆ.

ಐದನೆಯ ವಾರ: ಮೊಸರನ್ನ

ನಮ್ಮ ಆಸ್ಪತ್ರೆಯಲ್ಲಿ ಇ.ಇ.ಜಿ.ಗೆ ಬರುವ ಮಕ್ಕಳ ತಾಯಂದಿರಿಗೆ ನಾನು ಹೇಳುವುದು ಒಂದೇ: ರಾತ್ರಿ ನಿದ್ದೆ ಕೆಡಿಸಿ, ಬೆಳಿಗ್ಗೆ ತಲೆ ತೊಳೆದು, ಡಬ್ಬಿಯಲ್ಲಿ ಮೊಸರನ್ನ ತನ್ನಿ. ಹೊಟ್ಟೆ ತುಂಬ ತಿನ್ನಿಸಿ ಎದೆ ತಟ್ಟಿದರೆ ಎಂಥ ರಂಪದ ಮಗುವೂ ಹತ್ತು ನಿಮಿಷದಲ್ಲಿ ಗೊರಕೆ.

ನಾನಿದ್ದ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಅನ್ನ ಮೆತ್ತಗೆ ಬೇಯಿಸಿದೆ. ಅಲ್ಲಿಯ ಮೊಸರು ಗಟ್ಟಿ, ಹುಳಿಯೇ ಇಲ್ಲ. ಪೆಟ್ಟಿಗೆಯ ತಳದಿಂದ ಇಂಗು ತೆಗೆದು, ಸಾಸಿವೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೆ. ಹೊಗೆಯ ಅಲಾರಂ ಹೊಡೆದುಕೊಂಡು ಮೂರು ಮಹಡಿಯ ಹುಡುಗಿಯರು ಬೀದಿಗೆ ಓಡಿದರು. ಇರಲಿ, ಒಗ್ಗರಣೆ ಸೀಯಲಿಲ್ಲ.

ವಿಲ್ಲೆಮ್ ಡಬ್ಬಿ ಮೂಸಿ ನೋಡಿದರು. "ಇದು ವಿಜ್ಞಾನವೋ?"

"ನಮ್ಮೂರಿನ ವಿಜ್ಞಾನ. ಸುಮ್ನೆ ತಿನ್ನಿ."

ಅವರು ಒಂದು ಚಮಚ ಬಾಯಿಗಿಟ್ಟರು, ಎರಡು, ಆಮೇಲೆ ಡಬ್ಬಿಯ ತಳ ಕೆರೆದರು. ಬಿಸ್ಕತ್ತಿನ ಡಬ್ಬಿ ಮುಚ್ಚುವ ನಾಡಿನಲ್ಲಿ ನಾನು, "ಇನ್ನೊಂಚೂರು ಹಾಕ್ಕೊಳ್ಳಿ," ಅಂತ ಬಲವಂತ ಮಾಡಿ ಮಾಡಿ ಬಡಿಸಿದೆ. ಮಾರ್ಯಾ ಮೂಲೆಯಲ್ಲಿ ನಿಂತು, "ನಂಗಿಲ್ವಾ?" ಅಂದಳು.

ಕೋಣೆಗೆ ಹೋಗುವ ಮುಂಚೆ ಲಾಡಿ ನೋಡಿಕೊಂಡೆ. ಮಾರ್ಯಾ ಕೈಯಲ್ಲಿ ಹಿಡಿಯುವಂಥ ಪುಟ್ಟ ಅಯಸ್ಕಾಂತವೊಂದನ್ನು ತಂದು ನನ್ನ ಸುತ್ತ ಮಂಗಳಾರತಿ ಎತ್ತಿದಂತೆ ಮೂರು ಸುತ್ತು ಸುತ್ತಿಸಿದಳು. ವಿಲ್ಲೆಮ್ ನಕ್ಕರು. ಅದೂ ಒಳ್ಳೆಯದೇ ಆಯಿತು, ನಕ್ಕವರ ಮೈ ಸಡಿಲವಾಗುತ್ತದೆ.

ಸುರಂಗದ ಹೊರಗೆ ಉಳಿದದ್ದು ಅವರ ಮೊಣಕಾಲಿನಿಂದ ಕೆಳಗೆ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಣಕಾಲಿನ ಮೇಲೆ ಮೆಲ್ಲಗೆ ತಟ್ಟತೊಡಗಿದೆ.

"ನಾನೇನು ಮಗೂನಾ?" ಸುರಂಗದೊಳಗಿಂದ ದನಿ ಬಂತು.

"ಹೌದು. ಕಣ್ಮುಚ್ಚಿ."

ಆ ಊರಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಮೊದಲು ಕಾಲು ಕಟ್ಟಿಗೆಯಂತೆ ಸೆಟೆದಿತ್ತು. ನಾನು ತಟ್ಟುತ್ತ, "ಮಲ್ಕೊಳ್ಳಿ, ಮಲ್ಕೊಳ್ಳಿ," ಅಂತ ಕನ್ನಡದಲ್ಲೇ ಗೊಣಗುತ್ತಿದ್ದೆ. ಕಾಲು ನಿಧಾನವಾಗಿ ಒಂದು ಪಕ್ಕಕ್ಕೆ ಒರಗಿತು. ಗಾಜಿನಾಚೆ ಮಾರ್ಯಾ ಕೈಯೆತ್ತಿದಳು, ಇನ್ನು ಮುಟ್ಟಬೇಡ ಅಂತ, ಅಲುಗಿದರೆ ಚಿತ್ರ ಕೆಡುತ್ತದೆ. ನಾನು ಕೈ ತೆಗೆದು ಕಿವಿಗೆ ಮುಚ್ಚಳ ಹಾಕಿಕೊಂಡೆ. ಬೋರ್‌ವೆಲ್ ಶುರುವಾಯಿತು. ಕಾಲು ಅಲುಗಲಿಲ್ಲ. ಮಾರ್ಯಾ ಗಾಜಿಗೆ ಒಂದು ಕಾಗದ ಅಂಟಿಸಿ ತೋರಿಸಿದಳು. ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಮಲಗಿದ್ದಾರೆ!

ಮರುದಿನ: ಕಾರಿಡಾರಿನ ನೆಲದ ಮೇಲೆ

ಬೆಳಿಗ್ಗೆ ಹೋದಾಗ ಮಾರ್ಯಾ ತಲೆಗೆ ಕೈಕೊಟ್ಟು ಕೂತಿದ್ದಳು. ಅವಳ ಪ್ರೋಗ್ರಾಮಿಗೆ ಸಿಕ್ಕಿದ್ದು ಎರಡೇ ಮುಳ್ಳು. ಎರಡರಿಂದ ಏನೂ ಹೇಳಲಾಗದು. ಸಭೆ ನಾಳೆ.

"ಒಂದೂವರೆ ಗಂಟೆ ಮಲಗಿದ್ದಾರೆ. ಎರಡೇ ಬರಕ್ಕೆ ಸಾಧ್ಯವಿಲ್ಲ," ಅಂದೆ. "ಕಾಗದದ ಮೇಲೆ ಹಾಕ್ಕೊಡಿ."

"ಕಾಗದವಾ? ಈಗ ಯಾರು ಕಾಗದದಲ್ಲಿ ನೋಡ್ತಾರೆ?"

"ನಾನು ನೋಡ್ತೀನಿ."

ಇನ್ನೊಂದು ಬೇಡಿಕೆ ಇಟ್ಟೆ. ಯಂತ್ರದ ಗದ್ದಲ ಮಾತ್ರ ತೆಗೆಯಲಿ, ಎದೆಬಡಿತದ ಗದ್ದಲ ಹಾಗೇ ಇರಲಿ. ಅಯಸ್ಕಾಂತದೊಳಗೆ ಮಲಗಿದವರ ಎದೆ ಬಡಿದಾಗೆಲ್ಲ ತಂತಿಗಳು ಕೂದಲೆಳೆಯಷ್ಟು ಅಲುಗಿ, ಗೆರೆಯಲ್ಲಿ ಒಂದು ಉಬ್ಬು ಮೂಡುತ್ತದೆ. ಪ್ರೋಗ್ರಾಮು ಅದನ್ನೂ ಗುಡಿಸುತ್ತಿತ್ತು. ನನಗಿದ್ದ ಅನುಮಾನ ಇಷ್ಟೇ: ಕಸದ ಜೊತೆ ಓಲೆಯನ್ನೂ ಗುಡಿಸಿ ಹಾಕಿದೆಯೋ ಏನೋ.

ಪ್ರಿಂಟರು ಎರಡು ಗಂಟೆ ಓಡಿತು. ಮೇಜಿನಲ್ಲಿ ಜಾಗ ಸಾಲಲಿಲ್ಲ. ಕಾರಿಡಾರಿನ ಉದ್ದಕ್ಕೂ ಹಾಳೆ ಹಾಸಿದೆವು. ನಾನು ಚಪ್ಪಲಿ ಬಿಟ್ಟು, ಊರಿಂದ ತಂದಿದ್ದ ಕೆಂಪು ಪೆನ್ಸಿಲ್ ಹಿಡಿದು ಮಂಡಿಯೂರಿದೆ. ಪ್ರೊಫೆಸರುಗಳು ಗೋಡೆಗೆ ಒತ್ತಿಕೊಂಡು ದಾಟಿಹೋದರು. ಒಬ್ಬರೂ ಏನು ಅಂತ ಕೇಳಲಿಲ್ಲ, ಪುಣ್ಯಾತ್ಮರು.

ಮೂರನೆಯ ಹಾಳೆಯಲ್ಲಿ ಕಂಡಿತು. ಎದೆಬಡಿತದ ಉಬ್ಬು ಎರಡೂ ಕಡೆ ದುಂಡಗೆ ಏಳುತ್ತದೆ. ಇದು ಬಲಗಡೆ ಮಾತ್ರ, ಉಬ್ಬಿನ ಬೆನ್ನ ಮೇಲೇ ಸವಾರಿ ಮಾಡುತ್ತ, ಚೂಪಾಗಿ ಎದ್ದು, ಹಿಂದೆ ಒಂದು ಸೋಮಾರಿ ಅಲೆಯನ್ನು ಎಳೆದುಕೊಂಡು ಬಂದಿತ್ತು. "ಸಿಕ್ತು ಕಣ್ರೀ!" ಅಂತ ಕಿರುಚಿದೆ. ಕನ್ನಡದಲ್ಲೇ. ಮಾರ್ಯಾಗೆ ಅರ್ಥವಾಯಿತು.

ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು. ಮಾರ್ಯಾ ಸುಲಭಕ್ಕೆ ಒಪ್ಪುವವಳಲ್ಲ. ಹೊಸದಾಗಿ ಪ್ರಿಂಟು ಹಾಕಿಸಿ, ಹಾಳೆಗಳನ್ನು ಕಲಸಿ, "ಮತ್ತೆ ಮೊದಲಿಂದ ಗುರುತು ಹಾಕು," ಅಂದಳು. ನನಗೆ ಸಿಟ್ಟು ಬಂತು, ಆದರೆ ಹಾಕಿದೆ. ಹದಿನೆಂಟು ಅದೇ ಜಾಗದಲ್ಲಿ ಬಿದ್ದವು. ಒಂದರಲ್ಲಿ ನನಗೇ ಅನುಮಾನ ಬಂದು ಬಿಟ್ಟೆ. ಆಗ ಅವಳು ನನ್ನ ಕೈ ಕುಲುಕಿದಳು.

ಆ ಹದಿನೆಂಟು ಗಳಿಗೆಗಳನ್ನು ಸ್ಕ್ಯಾನಿನ ಚಿತ್ರಕ್ಕೆ ಜೋಡಿಸಿದ್ದಾಯಿತು. ಕಂಪ್ಯೂಟರು ಯೋಚಿಸಲು ಕೂತಿತು. ನಾವಿಬ್ಬರೂ ಕಾಫಿ ಕುಡಿದೆವು. ಮಾರ್ಯಾ ಬಿಸ್ಕತ್ತಿನ ಡಬ್ಬಿ ತೆರೆದವಳು ಮುಚ್ಚುವುದನ್ನೇ ಮರೆತಳು. ನಾನು ಮೂರು ತಿಂದೆ.

ಪರದೆಯ ಮೇಲೆ ಬೂದುಬಣ್ಣದ ಮಿದುಳು ಮೂಡಿತು. ಬಲಗಿವಿಯ ಒಳಗೆ, ತುಸು ಹಿಂದೆ, ಹುಣಸೆಬೀಜದಷ್ಟು ಜಾಗ ಕೆಂಪಗೆ ಹೊಳೆಯಿತು. ಅಷ್ಟು ಮಾತ್ರವಲ್ಲ, ಅದು ಹೊಳೆದಾಗೆಲ್ಲ ಎಷ್ಟೋ ದೂರದ ಜಾಗಗಳು, ಮುಂದಲೆಯ ನಡುವೆ, ಹಿಂದಲೆಯ ನಡುವೆ, ಎರಡೂ ಪಕ್ಕದಲ್ಲಿ, ಒಟ್ಟಿಗೇ ನೀಲಿಯಾಗಿ ಮಂಕಾಗುತ್ತಿದ್ದವು.

"ಸುಮ್ನೆ ಕೂತಾಗ, ತನ್ನೊಳಗೆ ತಾನು ಇರೋವಾಗ ಕೆಲಸ ಮಾಡೋ ಜಾಗಗಳು ಅವು," ಅಂದಳು ಮಾರ್ಯಾ, ಪರದೆಗೆ ಮೂಗು ತಾಗಿಸಿ. "ಒಂದಕ್ಕೊಂದು ಕೈ ಹಿಡ್ಕೊಂಡಿರ್ತವೆ. ಈ ಬೀಜ ಕಿಡಿ ಹಾರಿಸಿದ್ರೆ ಅವೆಲ್ಲಾ ಆರ್ತಾವೆ. ಅದಕ್ಕೇ ಅವರು ಕಲ್ಲಾಗೋದು ಅನ್ನಿಸ್ತದೆ. ಸಾಬೀತು ಮಾಡಕ್ಕೆ ಇನ್ನೂ ಎಷ್ಟೋ ಜನರನ್ನ ನೋಡ್ಬೇಕು. ಆದ್ರೂ ನೋಡು ಗಿರಿಜಾ, ನೋಡು!"

ಒಂದು ಮೂಲೆಯ ಒಂದಿಷ್ಟು ನರಕೋಶಗಳ ತಂಟೆ, ಇಡೀ ಮಿದುಳಿನ ಮೌನ, ಎರಡೂ ಒಂದೇ ಚಿತ್ರದಲ್ಲಿ. ಹದಿನಾಲ್ಕು ವರ್ಷ ಛತ್ರದ ಹೊರಗೆ ನಿಂತು ಗಟ್ಟಿಮೇಳ ಕೇಳಿದವಳು ನಾನು. ಅವತ್ತು ಮಹಡಿ ಹತ್ತಿದ್ದೆ. ಕೇಕಿನ ನಡುವೆ ನಿಂತ ಚಾಕು ನೆನಪಾಗಿ ಕಣ್ಣು ತುಂಬಿ ಬಂತು.

ಮರುದಿನ ಶಸ್ತ್ರಚಿಕಿತ್ಸೆಯವರು ಚಿತ್ರ ನೋಡಿದರು. ಇನ್ನೆರಡು ಪರೀಕ್ಷೆ ಮಾಡಿ, ಅವೂ ಅದೇ ಜಾಗ ತೋರಿಸಿದರೆ ಆಪರೇಷನ್ ಅಂದರು. ಆ ಉತ್ತರ ಬರುವ ಮುಂಚೆಯೇ ನನ್ನ ಟಿಕೆಟ್ಟಿನ ದಿನ ಬಂತು.

ಮತ್ತೆ ವಿದ್ಯಾರಣ್ಯಪುರಂ

ಮನೆಗೆ ಬಂದು ಮಾಂಗಲ್ಯದ ಸರ ಹಾಕಿಕೊಂಡೆ. ಅರಿಶಿನದ ಕೊಂಬನ್ನು ಅತ್ತೆ ತುಳಸಿ ಬುಡಕ್ಕೆ ಹಾಕಿದರು. ಆಸ್ಪತ್ರೆಯಲ್ಲಿ ಯಾರನ್ನಾದರೂ ಎಂ.ಆರ್.ಐ.ಗೆ ಕಳಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು. "ಲಾಡಿ ನೋಡ್ಕೊಳಮ್ಮ," ಅನ್ನುತ್ತೇನೆ. ಹತ್ತರಲ್ಲಿ ನಾಲ್ವರ ಮುಖ ಕೆಂಪಾಗುತ್ತದೆ, ಪಿನ್ನು ಈಚೆ ಬರುತ್ತದೆ.

ಮಾರ್ಯಾಳ ಈಮೇಲ್ ನೋಡಲು ಸೈಬರ್ ಕೆಫೆಗೆ ಹೋಗುತ್ತಿದ್ದೆ. ಆಪರೇಷನ್ ಆಯಿತು ಅಂತ ಬಂತು. ಆಮೇಲೆ ತಿಂಗಳುಗಟ್ಟಲೆ, ಕಾಯಬೇಕು, ಕಾಯಬೇಕು, ಅಷ್ಟೇ. ಒಂದು ವರ್ಷ ಫಿಟ್ಸ್ ಬರದಿದ್ದರೆ ಮಾತ್ರ ಸೇತುವೆಯ ಗೂಡಿಗೆ ಬಿಡುತ್ತಾರಂತೆ. ಅತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು. "ನಿನ್ನ ಸೇತುವೆಯವರದ್ದು ಏನಾಯ್ತೇ?" ಗೊತ್ತಿಲ್ಲ ಅನ್ನುತ್ತಿದ್ದೆ. ಆಮೇಲಾಮೇಲೆ ಅವರೂ ಕೇಳುವುದನ್ನು ಬಿಟ್ಟರು.

ಒಂದೂವರೆ ವರ್ಷವಾದ ಮೇಲೆ ಒಂದು ಲಕೋಟೆ ಬಂತು. ಒಳಗೆ ಒಂದು ಫೋಟೋ. ಅತ್ತೆ ಕನ್ನಡಕ ಏರಿಸಿ ನನ್ನ ಭುಜದ ಮೇಲಿಂದ ಬಗ್ಗಿದರು.

"ಏನೇ ಇದು? ರಸ್ತೆ ಎದ್ದು ನಿಂತ್ಬುಟ್ಟಿದೆಯಲ್ಲ!"

ಅದೇ ಸೇತುವೆ. ಎತ್ತಿ ನಿಲ್ಲಿಸಿದ್ದರು. ಕಾಲೂರಿ ಕಾಯುತ್ತಿದ್ದ ಸೈಕಲ್ಲುಗಳು, ಕೆಳಗೆ ದೋಣಿ, ಗೂಡಿನ ಕಿಟಕಿಯಲ್ಲಿ ಜೋಳದ ಕೂದಲಿನ ಬಣ್ಣದ ಮೀಸೆ, ಚಾಚಿದ ಕೈ, ಗಾಳದ ಕೋಲು, ದಾರದ ತುದಿಗೆ ಮರದ ಮೆಟ್ಟು. ಫೋಟೋದ ಹಿಂದೆ ಎರಡೇ ಸಾಲು ಇತ್ತು. ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ: "ಎತ್ತಿದ್ದು ನಾನೇ. ಮೆಟ್ಟನ್ನು ದಾರಕ್ಕೆ ಯಾವುದರಿಂದ ಸಿಕ್ಕಿಸಿದ್ದೇನೆ, ನೋಡು."

ಅತ್ತೆ ಫೋಟೋವನ್ನು ಕಸಿದುಕೊಂಡು ಜಗುಲಿಯ ಬೆಳಕಿಗೆ ಹೋದರು. ಹಿಡಿದರು, ತಿರುಗಿಸಿದರು, ಕಣ್ಣಿಗೆ ಹತ್ತಿರ ತಂದರು.

"ಅಯ್ಯೋ ನಿನ್ನ!" ಅಂದರು. "ಲಾಡಿ ಪಿನ್ನು ಕಣೇ ಇದು!"